ಚೀಸಿನ ಚೂರು, ವೈನಿನ ಗುಟುಕು

ಒಲೆಯ ಮೇಲೆ ಸಾರು ಕುದಿಯುವಾಗ ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿ ಉಪ್ಪು ನೋಡುವುದು ಜಗತ್ತಿನ ಅತ್ಯಂತ ಕ್ಷುದ್ರ ಕಾಯಕವೆಂದು ನಾನು ತಿಳಿದಿದ್ದೆ, ಅದು ನನ್ನ ಪಾಲಿಗೆ ಬರುವವರೆಗೆ. ಕಳೆದ ಮಳೆಗಾಲದ ಒಂದು ಜ್ವರ ನನ್ನ ಹೆಂಡತಿ ಶಾರದೆಯ ಮೂಗಿನಿಂದ ವಾಸನೆಯನ್ನೂ ನಾಲಿಗೆಯಿಂದ ರುಚಿಯನ್ನೂ ಒಟ್ಟಿಗೇ ಒಯ್ದುಬಿಟ್ಟಿತು. ನಿಧಾನವಾಗಿ ಬರುತ್ತದೆ ಎಂದರು ಡಾಕ್ಟರು. ಚಳಿಗಾಲ ಕಳೆದರೂ ಬರಲಿಲ್ಲ. ರಾಜಾಜಿನಗರದ ನಮ್ಮ ಬೀದಿಯಲ್ಲಿ ಯಾರ ಮನೆಯ ಒಗ್ಗರಣೆಗೆ ಇಂಗು ಹೆಚ್ಚಾಯಿತೆಂದು ಗೇಟಿನಲ್ಲಿ ನಿಂತೇ ಹೇಳಬಲ್ಲವಳು, ಈಗ ಅಂದಾಜಿನ ಮೇಲೆ ಅಡುಗೆ ಮಾಡಿ, ಸೌಟು ನನ್ನ ಕೈಗಿತ್ತು ‘ಉಪ್ಪು ನೋಡಿ’ ಎನ್ನುವಳು. ಮದುವೆಯಾದಂದಿನಿಂದ ಅವಳ ಅಡುಗೆಯಲ್ಲಿ ದೋಷಾನ್ವೇಷಣೆಯನ್ನು ವ್ರತದಂತೆ ಪಾಲಿಸಿಕೊಂಡು ಬಂದ ನಾನು, ‘ಸರಿಯಾಗಿದೆ’ ಎಂಬ ಏಕೈಕ ಮಂತ್ರಕ್ಕೆ ಶರಣಾದೆ. ಊಟ ಅವಳಿಗೆ ಮಾತ್ರೆ ನುಂಗಿದಂತಾಗಿತ್ತು. ಅಡುಗೆಗೆ ಯಾರನ್ನಾದರೂ ಇಟ್ಟುಕೊಳ್ಳೋಣ ಎಂದು ಅವಳೇ ಹೇಳಿದ ದಿನ ನಾನು ನಿಜಕ್ಕೂ ಹೆದರಿದೆ.

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಧಾರವಾಡದ ಹುಡುಗಿ ಮಂಗಲಾ ಚೀಸ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಯಾವ ಚೀಸಿಗೆ ಯಾವ ವೈನು ಕೂಡಿಬರುತ್ತದೆಂದು ಗಿರಾಕಿಗಳಿಗೆ ಹೇಳುವುದೇ ಅವಳ ಉದ್ಯೋಗವೆಂದು ಕೇಳಿದಾಗ, ಜಾತಕ ನೋಡುವವರಿಗೆ ಹೊಸ ಪೈಪೋಟಿ ಬಂತೆಂದು ನಕ್ಕಿದ್ದೆ. ಹಪ್ಪಳವಿಲ್ಲದೆ ಹುಳಿಯನ್ನ ಮುಟ್ಟದ, ಉಪ್ಪಿಟ್ಟಿಗೆ ಬಾಳೆಹಣ್ಣು ಕಿವುಚಿಕೊಳ್ಳುವ ನನಗೆ ನಗುವ ಅಧಿಕಾರ ಎಲ್ಲಿಂದ ಬಂತೋ ಕಾಣೆ.

ಶಾರದೆಯ ನಾಲಿಗೆಯ ಸಂಗತಿ ಕೇಳಿ, ಒಂದು ಭಾನುವಾರ ಸಂಜೆ ಮಂಗಲಾ ತಿಂಗಳುಗಟ್ಟಲೆ ಮಾಗಿಸಿದ ಚೀಸಿನ ಗಟ್ಟಿಯನ್ನೂ ಕೆಂಪು ವೈನಿನ ಬಾಟಲಿಯನ್ನೂ ಹಿಡಿದು ಕೆಳಗಿಳಿದು ಬಂದಳು. ಶಾರದೆ ಮೊದಲು ಎದುರುಮನೆಯ ಕಡೆಯ ಪರದೆ ಎಳೆದಳು; ಯಾರಾದರೂ ಬಂದರೆ ಕಷಾಯವೆನ್ನಬಹುದೆಂದು ಸ್ಟೀಲ್ ಲೋಟ ತಂದಳು. ಚೀಸು ತಿಂದು, ಮೇಣ ಅಗಿದಂತಿದೆ ಎಂದಳು. ವೈನು ಕುಡಿದು, ಗಂಟಲು ಬೆಚ್ಚಗಾಯಿತು ಅಷ್ಟೇ ಎಂದಳು.

“ಎರಡೂ ಕೂಡಿಸಿ ತಗೋರಿ ಆಂಟಿ,” ಎಂದಳು ಮಂಗಲಾ. “ಚೀಸ್ ಬಾಯಾಗ ಇದ್ದಾಗನ ಒಂದ್ ಗುಟುಕ ಕುಡೀರಿ.”

ಶಾರದೆ ಹಾಗೆಯೇ ಮಾಡಿ ಕಣ್ಣು ಮುಚ್ಚಿದಳು.

“ಏನೋ ವಾಸನೆ ಬರ್ತಾ ಇದೆ ಕಣ್ರೀ,” ಎಂದಳು ಮೆಲ್ಲಗೆ. “ನಮ್ಮ ಸುಂಕದಕಟ್ಟೆ ಮನೆ ಕೊಟ್ಟಿಗೇದು.”

ಅವಳ ತವರಿನ ಆ ಕೊಟ್ಟಿಗೆಯಿದ್ದ ಜಾಗದಲ್ಲಿ ಈಗ ಅವಳ ಅಣ್ಣನ ಬಾಡಿಗೆ ಕಟ್ಟಡವಿದೆ. ಹಸುಗಳು ಹೋಗಿ ಎಷ್ಟೋ ಕಾಲವಾಯಿತು. ಅವಳು ಅಳುತ್ತಿದ್ದಳು. ನನಗೂ ತಡೆಯಲಾಗಲಿಲ್ಲ.

ಡಾಕ್ಟರು ಹೇಳಿದ ‘ನಿಧಾನ’ ಕಾಕತಾಳೀಯವಾಗಿ ಅಂದೇ ಮುಗಿಯಿತೆಂದು ನೀವು ವಾದಿಸಬಹುದು. ಆದರೆ ಒಬ್ಬೊಬ್ಬರೇ ಬಾಗಿಲು ತಟ್ಟಿ ಸೋತವರು ಜೊತೆಯಾಗಿ ಬಂದಾಗ ಅಗುಳಿ ತೆಗೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂದಿನಿಂದ ಚೀಸು-ವೈನುಗಳ ದಾಂಪತ್ಯದ ಬಗ್ಗೆ ನಾನು ಹಗುರವಾಗಿ ಮಾತಾಡಿಲ್ಲ.

ಮರುದಿನ ಸಾರು ಕುದಿಯುತ್ತಿತ್ತು. ಅಭ್ಯಾಸಬಲದಿಂದ ಅಂಗೈಗೆ ಹನಿ ಹಾಕಿಕೊಂಡು ನೆಕ್ಕಿ, ‘ಸರಿಯಾಗಿದೆ’ ಎಂದೆ. ಶಾರದೆ ಸೌಟು ಕಸಿದುಕೊಂಡು ತಾನೂ ಒಂದು ಹನಿ ನೆಕ್ಕಿದಳು. ಮುಖ ಕಿವುಚಿದಳು. ಸಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“ಇಷ್ಟು ದಿನ ಇದನ್ನೇನ್ರೀ ನೀವು ತಿಂತಾ ಇದ್ದಿದ್ದು?”