ಅಮೀನರು ಬೀಡಿ ಹಚ್ಚಿದ ಮನೆ

೧೯೮೨. ಕೋಲಾರದಲ್ಲಿ ನಾನು ವಕೀಲಿ ಶುರುಮಾಡಿ ಎರಡನೇ ವರ್ಷ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಮನೆಯಲ್ಲೇ ಉಳಿದಿದ್ದವು. ಯಾರು ಏನು ಹೇಳಿದರೂ ‘ಅದಕ್ಕೇನು ಆಧಾರ?’ ಎನ್ನುವ ಚಾಳಿ ಮಾತ್ರ ನನ್ನ ಜೊತೆಗೇ ಕೋರ್ಟಿಗೆ ಬಂದಿತ್ತು.

ಸುಗಟೂರಿನ ನಾರಾಯಣಮ್ಮನವರನ್ನೂ ಅದನ್ನೇ ಕೇಳಿದೆ. ಅವರು ವಿಧವೆ, ಮಕ್ಕಳಿಲ್ಲ. ಗಂಡನ ಪಾಲಿನ ಹಿಪ್ಪುನೇರಳೆ ತೋಟದ ಸೊಪ್ಪು ಹಾಕಿ ರೇಷ್ಮೆ ಹುಳು ಸಾಕುತ್ತಿದ್ದರು. ಆ ತೋಟ ತನ್ನದೆಂದು ಮೈದುನ ಮುನಿರಾಜು ದಾವಾ ಹೂಡಿ ‘ಎಕ್ಸ್ ಪಾರ್ಟಿ ಡಿಕ್ರಿ’ ಪಡೆದಿದ್ದ. ಅಂದರೆ, ಪ್ರತಿವಾದಿ ಬರಲಿಲ್ಲವೆಂದು ಒಂದೇ ಕಡೆಯ ಮಾತು ಕೇಳಿ ಕೊಟ್ಟ ತೀರ್ಪು. ಸಮನ್ಸ್ ತಲುಪಿಸುವ ಅಮೀನರ ವರದಿ ಸ್ಪಷ್ಟವಾಗಿತ್ತು: ನಾರಾಯಣಮ್ಮ ಸಮನ್ಸ್ ತೆಗೆದುಕೊಳ್ಳಲು ನಿರಾಕರಿಸಿದರು, ಮನೆಯ ಬಾಗಿಲಿಗೆ ಅಂಟಿಸಲಾಗಿದೆ.

“ಅಮೀನ ನಮ್ಮನೆಗೆ ಬಂದೇ ಇಲ್ಲ ಕಣಪ್ಪ. ಮುನಿರಾಜು ತೋಟಕ್ಕೆ ನುಗ್ಗಿದಾಗ್ಲೇ ನಂಗೆ ಗೊತ್ತಾಗಿದ್ದು.”

“ಎಲ್ಲರೂ ಹಂಗೇ ಹೇಳ್ತಾರಮ್ಮ.”

“ಎಲ್ಲರ ಮಾತು ಕಟ್ಕೊಂಡು ನಂಗೇನು? ನಂದು ಕೇಳು.”

ಪರೀಕ್ಷಿಸಿಯೇ ಬಿಡೋಣವೆಂದು ಸುಗಟೂರಿಗೆ ಬಸ್ಸು ಹತ್ತಿದೆ. ಹೊಸ್ತಿಲು ದಾಟುವ ಮೊದಲೇ ಅವರ ಕೈ ಅಡ್ಡ ಬಂತು.

“ಜೇಬಲ್ಲಿ ಸಿಗರೇಟೈತಾ? ಹೊರಗಿಡಪ್ಪ. ಹೊಗೆಸೊಪ್ಪಿನ ಗಾಳಿ ಸೋಕಿದ್ರೂ ನನ್ ಮಕ್ಕಳು ಸಾಯ್ತವೆ. ಕೈಕಾಲು ತೊಳ್ಕೊಂಡ್ ಬಾ. ನಿನ್ ಲಾಯರ್‌ಗಿರೀನೂ ಅಲ್ಲೇ ಇಟ್ಟು ಬಾ.”

ಒಳಗೆ ತಟ್ಟೆಗಳ ತುಂಬ ಹುಳುಗಳು ಸೊಪ್ಪು ಮೇಯುತ್ತಿದ್ದವು. ಸಣ್ಣ ಮಳೆ ಬೀಳುವಂಥ ಸದ್ದು. “ತೋಟ ಹೋದ್ರೆ ಇವಕ್ಕೇನ್ ಹಾಕ್ಲಿ?” ಎಂದರು. ಅಷ್ಟಾದರೂ ನನಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಡಿಕ್ರಿ ರದ್ದುಮಾಡಬೇಕೆಂದು ಅರ್ಜಿ ಹಾಕಿದೆವು. ಮುನಿರಾಜುವಿನ ಪರವಾಗಿ ಅಮೀನರು ಸಾಕ್ಷಿ ಹೇಳಲು ಬಂದರು. ನರೆತ ಮೀಸೆಯ, ಮೆದು ಮಾತಿನ ಮನುಷ್ಯ. ಪಾಟೀಸವಾಲು ನನ್ನದು. ‘ಈಕೆಯನ್ನು ಗುರುತಿಸುತ್ತೀರಾ?’ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬಾರದು ಅನ್ನುವುದು ಚರ್ಚಾವೇದಿಕೆಯಲ್ಲಿ ನಾನು ಕಲಿತಿದ್ದ ಮೊದಲ ಪಾಠ. ಹೌದು ಎಂದುಬಿಟ್ಟರೆ ತೋಟ ಹೋಯಿತು. ಹಾಗಾಗಿ ಸುತ್ತಿ ಬಳಸಿ, ವರದಿಯಲ್ಲಿರುವ ಆ ಶ್ರಾವಣದ ದಿನ ಏನಾಯಿತು ಹೇಳಿ ಎಂದೆ.

“ಮಳೆ ಹನೀತಿತ್ತು ಸ್ವಾಮಿ. ಆಯಮ್ಮನೇ ಒಳಗ್ ಕರೆದ್ರು. ಕೂತು ಒಂದ್ ಬೀಡಿ ಹಚ್ದೆ. ಒಲೆಯಿಂದ ಕೆಂಡಾನೂ ಅವ್ರೇ ತಂದ್ಕೊಟ್ರು. ಆಮೇಲೆ ಸಮನ್ಸ್ ಓದಿದ್ರೆ, ಬೇಡ ಅಂದ್ಬಿಟ್ರು.”

ಹಿಂದಿನ ಬೆಂಚಿನಿಂದ ನಾರಾಯಣಮ್ಮ ಎದ್ದೇ ನಿಂತರು. “ಬೀಡೀನಾ? ನಮ್ಮನೇಲಾ? ಆ ಶ್ರಾವಣದಲ್ಲಿ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ವು ಸ್ವಾಮಿ! ದೇವರೇ ಬೀಡಿ ಸೇದ್ಕೊಂಡ್ ಬಂದ್ರೂ ಒಳಗ್ ಬಿಡ್ತಿರ್ಲಿಲ್ಲ!” ಜ್ವರವೆಂದರೆ ಹುಳು ಪೊರೆ ಬಿಡುವ ಹೊತ್ತು. ಕೋರ್ಟೆಲ್ಲ ನಕ್ಕಿತು. ನಾನು ನಗಲಿಲ್ಲ. ಅವರ ಹೊಸ್ತಿಲಲ್ಲಿ ಅಡ್ಡ ಬಂದ ಆ ಕೈ ನೆನಪಾಗಿತ್ತು.

ಕೇಳಬಾರದ ಪ್ರಶ್ನೆಯನ್ನು ಆಗ ಕೇಳಿದೆ. “ಈ ಅಮ್ಮನನ್ನ ಸರಿಯಾಗಿ ನೋಡಿ ಹೇಳಿ. ಕೆಂಡ ತಂದುಕೊಟ್ಟವರು ಇವರೇನಾ?”

ಅಮೀನರು ಕನ್ನಡಕ ಏರಿಸಿಕೊಂಡು ಅವರ ಮುಖ ನೋಡಿದರು.

“ಅಲ್ಲ ಸ್ವಾಮಿ, ಇವರಲ್ಲ. ಮನೆ ತೋರಿಸಿದ್ದು, ಇವ್ರೇ ನಾರಾಯಣಮ್ಮ ಅಂದಿದ್ದು ಮುನಿರಾಜು. ನಾನು ನಂಬ್ದೆ.”

ಮುನಿರಾಜು ತಲೆ ತಗ್ಗಿಸಿದ. ಅವನು ತೋರಿಸಿದ್ದು ತನ್ನ ನಾದಿನಿಯ ಮನೆ ಎಂಬುದು ಆಮೇಲೆ ಹೊರಬಿತ್ತು. ಡಿಕ್ರಿ ರದ್ದಾಯಿತು. ಹೊರಗೆ ಅಮೀನರು ಕೈ ಮುಗಿದು, “ತಪ್ಪಾಯ್ತಮ್ಮ” ಎಂದರು. “ನಿಂದೇನಣ್ಣ ತಪ್ಪು? ತೋರ್ಸಿದವನ್ದು” ಎಂದರು ನಾರಾಯಣಮ್ಮ.

ಆಮೇಲೆ ನನ್ನ ಕಡೆ ತಿರುಗಿದರು. “ಗೆದ್ವೇನಪ್ಪ?”

“ಇಲ್ಲಮ್ಮ. ಕೇಸು ಈಗ ಮೊದಲಿಂದ ನಡೆಯುತ್ತೆ. ಈ ಸಲ ನಿಮ್ಮ ಮಾತೂ ಕೇಳ್ತಾರೆ, ಅಷ್ಟೇ.”

“ಅಷ್ಟೇನಾ? ಅಷ್ಟಕ್ಕೇ ಅಲ್ವೇನೋ ನಾನು ಬಂದಿದ್ದು!”

ನನ್ನ ಅನುಮಾನದ ಚಾಳಿ ಹೋಗಿಲ್ಲ, ಹೋಗುವುದೂ ಬೇಡ. ಆದರೆ ಅಂದಿನಿಂದ, ಕಕ್ಷಿದಾರರ ಮಾತನ್ನು ಅನುಮಾನಿಸುವ ಮೊದಲು ಒಮ್ಮೆ ಅವರ ಹೊಸ್ತಿಲವರೆಗೆ ಹೋಗಿ ಬರುತ್ತೇನೆ, ಸಿಗರೇಟು ಹೊರಗಿಟ್ಟು.