ತಂಗಳ ನೀರು

ನನ್ನ ತವರಿನಲ್ಲಿ ಹಿಂದಿನ ದಿನದ ನೀರಿಗೆ ‘ತಂಗಳ ನೀರು’ ಎನ್ನುತ್ತಿದ್ದರು. ಬೆಳಿಗ್ಗೆ ಎದ್ದವರು ಮೊದಲು ಅದನ್ನು ಚೆಲ್ಲಬೇಕು, ಕೊಡಕ್ಕೆ ಬೂದಿ ಹಚ್ಚಿ ತಿಕ್ಕಬೇಕು, ಹೊಸ ನೀರು ತುಂಬಬೇಕು. ಒಲೆ ಹಚ್ಚುವುದು ಆಮೇಲೆ. ನಲವತ್ತರ ದಶಕದಲ್ಲಿ ಮದುವೆಯಾಗಿ ರಾಯಚೂರಿಗೆ ಬಂದಾಗ ಈ ಶಿಸ್ತನ್ನೂ ಜೊತೆಗೆ ತಂದೆ. ಅದರಿಂದ ಮೂರು ಜೀವ ಹೋದವು.

ಅತ್ತೆ ಚೀಕಲಪರ್ವಿ ಎಂಬ ಊರಿನವರು, ಹೊಳೆಯ ದಂಡೆಯಲ್ಲೇ ಬಾಳಿದವರು. ಕಾಲು ಮುರಿದ ಮೇಲೆ ನಮ್ಮ ಜೊತೆ ಇರಲು ಬಂದರು. ಮೂಳೆ ಕೂಡಿತ್ತು, ಇನ್ನು ಎದ್ದು ಕೂರದಿದ್ದರೆ ಮುಂದೆ ಮಂಚ ಬಿಡುವುದೇ ಇಲ್ಲ ಎಂದು ವೈದ್ಯರು ಎಚ್ಚರಿಸಿದ್ದರು. ಅವರೋ ಗೋಡೆಗೆ ಮುಖ ಮಾಡಿ ಮಲಗಿದ್ದರು.

“ಹೊಳಿ ಇಲ್ಲದ ಊರಾಗ ಎದ್ದು ಏನ್ ನೋಡ್ಲಿ?”

ಅವರ ಊರಿನ ದಿಕ್ಕಿಗೆ, ಮಾನ್ವಿಯ ಕಡೆ ಹೋಗಿದ್ದ ನನ್ನ ಗಂಡ ಬಿಂದಿಗೆಯಲ್ಲಿ ಹೊಳೆಯ ಐದು ಮೀನು ತಂದರು, ಬೆರಳುದ್ದದವು. ನಮ್ಮದು ಲಿಂಗ ಕಟ್ಟಿದ ಮನೆ. “ಖಾರ ಅರದೀಯೇನವ್ವಾ?” ಎಂದು ಪಕ್ಕದ ಮನೆಯಾಕೆ ಚೇಷ್ಟೆ ಮಾಡಿದರು. ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ಮೀನು ಬಿಟ್ಟು, ಮಂಚದ ಎದುರಿನ ಕಿಟಕಿಯಲ್ಲಿ ಇಟ್ಟೆ. ಅತ್ತೆ ಈ ಕಡೆ ಹೊರಳಿ, ಐದನ್ನೂ ಎಣಿಸಿದರು.

ದಿನಾ ಬೆಳಿಗ್ಗೆ ಭರಣಿಯ ನೀರನ್ನೆಲ್ಲ ಚೆಲ್ಲಿ, ತಿಕ್ಕಿ, ಬಾವಿಯಿಂದ ಸೇದಿದ ನೀರು ತುಂಬುತ್ತಿದ್ದೆ. ಒಂದು ಹಿಡಿ ಅನ್ನವನ್ನೂ ಹಾಕುತ್ತಿದ್ದೆ. ವಾರ ತುಂಬುವಷ್ಟರಲ್ಲಿ ಮೂರು ಸತ್ತವು. ಅತ್ತೆಗೆ ಎಚ್ಚರವಾಗುವ ಮೊದಲೇ ತೆಗೆದುಬಿಡುತ್ತಿದ್ದೆ, ಆದರೆ ಎಣಿಸುವವರಿಂದ ಮುಚ್ಚಿಡುವುದು ಹೇಗೆ?

“ಎರಡ ಉಳದಾವ. ಬಿಡವ್ವಾ, ನನ್ನಂಗ ಅವಕ್ಕೂ ಈ ಊರ ನೀರು ಒಗ್ಗವಲ್ದು,” ಎಂದು ಮತ್ತೆ ಗೋಡೆಯ ಕಡೆ ತಿರುಗಿದರು.

ನಮ್ಮ ಓಣಿಯಲ್ಲಿ ಮೀನು ಮಾರುವಾಕೆಯೊಬ್ಬಳು ಬರುತ್ತಿದ್ದಳು. ನಮ್ಮ ಬಾಗಿಲು ಬಂದಾಗ ಕೂಗು ನಿಲ್ಲಿಸಿ, ದಾಟಿದ ಮೇಲೆ ಮತ್ತೆ ಕೂಗುವಳು. ಅವತ್ತು ನಾನೇ ಕರೆದೆ.

“ಯವ್ವಾ, ತಪ್ಪಿ ಕರದ್ರೇನ್ರಿ? ನಾ ಮೀನ್ ಮಾರಾಕಿ.”

“ಗೊತ್ತದ, ಬಾ.”

ಭರಣಿಯನ್ನು ಹೊರಗೆ ತಂದು ತೋರಿಸಿ ಎಲ್ಲ ಹೇಳಿದೆ. ಅವಳು ಬುಟ್ಟಿ ಇಳಿಸಿ ನಕ್ಕಳು.

“ದಿನಾ ಪೂರಾ ನೀರು ಚೆಲ್ಲತೀರಿ? ಅಂದ್ರ ದಿನಾ ಅವನ್ನ ಊರು ಬಿಡಸ್ತೀರಿ. ಬಾವಿ ನೀರು ಒಂದು ದಿನ ಕೊಡದಾಗ ಕುಂದ್ರಲಿ, ತಂಗಳಾಗಲಿ. ಆಮ್ಯಾಲ ಭರಣಿಯಾಗಿಂದು ಕಾಲು ಪಾಲು ತಗದು ಅಷ್ಟ ಹಾಕ್ರಿ. ಪಾಚಿ ತಿಕ್ಕಬ್ಯಾಡ್ರಿ. ಅನ್ನ ಕೊಳಿತದ, ನಿಂತ ನೀರಾಗಿನ ಸೊಳ್ಳಿ ಹುಳ ಹಾಕ್ರಿ.”

ತಂಗಳ ನೀರನ್ನು ಬೇಕೆಂದೇ ಉಳಿಸಿಕೊಳ್ಳಲು ನನ್ನ ಕೈ ಒಪ್ಪಲಿಲ್ಲ. ಆದರೂ ಅದಕ್ಕೊಂದು ಕೊಡ ಬೇರೆ ಇಟ್ಟೆ, ಅಳತೆಗೊಂದು ಚೊಂಬು ಗೊತ್ತು ಮಾಡಿದೆ. ಗಾಜಿಗೆ ಹಸಿರು ಹಿಡಿಯಿತು. ಹತ್ತು ದಿನವಾದರೂ ಎರಡು ಎರಡೇ ಇದ್ದವು.

ಹನ್ನೊಂದನೆಯ ಬೆಳಿಗ್ಗೆ ಅಭ್ಯಾಸಬಲದಿಂದ ಭರಣಿಯನ್ನು ಬಗ್ಗಿಸುತ್ತಿದ್ದೆ.

“ಅಷ್ಟ ಚೆಲ್ಲಬ್ಯಾಡ,” ಎಂದು ಅತ್ತೆ ಗದರಿದರು. ತಿರುಗಿ ನೋಡಿದರೆ ಕಾಲು ಇಳಿಬಿಟ್ಟು ಕೂತಿದ್ದರು. ಹಸಿರಿನಲ್ಲಿ ಮೀನು ಕಾಣದೆ, ಎಣಿಸಲು ಎದ್ದಿದ್ದರು. “ಯಾರು ಹೇಳಿಕೊಟ್ರು ನಿನಗ?”

ಹೇಳಿದೆ.

“ಆಕಿನ್ನ ಕರದು ಕೂಡಿಸು. ಮಜ್ಜಿಗಿ ಕೊಡು.”

ಆಕೆ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿದಳು. ಅತ್ತೆ ನನ್ನ ಭುಜ ಹಿಡಿದು ಬಾಗಿಲ ತನಕ ನಡೆದು ಬಂದು, ಹೊಳೆಯಲ್ಲಿ ನೀರೆಷ್ಟಿದೆ ಎಂದು ಕೇಳಿದರು. ಮರುದಿನದಿಂದ ಅವಳು ನಮ್ಮ ಬಾಗಿಲಲ್ಲಿ ಕೂಗು ನಿಲ್ಲಿಸಲಿಲ್ಲ.