ಅಣ್ಣನ ತಲೆಗೂದಲು

ಯುದ್ಧದ ಮೂರನೇ ವರ್ಷ ಪಕ್ಕದ ಬೀದಿಗೆ ಬಾಂಬು ಬಿತ್ತು. ಸಿಡಿದ ಗಾಜು ಅಪ್ಪನ ಬಲಗೈ ನರ ಕೊಯ್ದಿತು. ಅಂದಿನಿಂದ ಕ್ಷೌರದಂಗಡಿಯಲ್ಲಿ ಹದಿನಾರರ ಮಗಳೇ ಕತ್ತರಿ ಹಿಡಿದಳು.

"ನಮ್ ತಲೆ ಬೋಳಿಸೋಕೆ ಸರ್ಕಾರ ಒಂದು ಸಾಲ್ದು ಅಂತ ನೀನೂ ಬಂದ್ಯಾ?" ಎಂದು ಹಳೇ ಗಿರಾಕಿಗಳು ನಗುತ್ತಿದ್ದರು. ಬರಬರುತ್ತಾ ನಗುವವರೇ ಉಳಿಯಲಿಲ್ಲ. ಈಗ ಬರುತ್ತಿದ್ದವರು ಸೈನ್ಯಕ್ಕೆ ಹೊರಟ, ಮೀಸೆ ಚಿಗುರದ ಹುಡುಗರು.

ಹದಿನೆಂಟಾದವರೆಲ್ಲ ಸೈನ್ಯ ಸೇರಲೇಬೇಕಿತ್ತು. ಅಣ್ಣನಿಗೆ ಹದಿನೆಂಟು ತುಂಬಿದ ದಿನವೇ ಅಮ್ಮ ಅವನನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದಳು. ಕೇಳಿದವರಿಗೆಲ್ಲ, "ನನ್ ತಂಗಿ ಮನೇಲಿದಾನೆ" ಎನ್ನುತ್ತಿದ್ದಳು. ಎರಡು ತಿಂಗಳು ಹೀಗೇ ಕಳೆಯಿತು. ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಕೂತವನು ತಟ್ಟೆ ಮುಟ್ಟಲಿಲ್ಲ.

"ಸೈನ್ಯಕ್ಕೆ ಅವನ ಹೆಸರು ಬರೆಸಿ ಬಂದೆ" ಎಂದ.

ಅಮ್ಮನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. "ಹೆತ್ತ ಮಗನ್ನ ನೀವೇ ಹಿಡಿದು ಕೊಟ್ರಾ?"

"ದರ್ಜಿ ಮಗನ್ನ ಬಚ್ಚಿಟ್ಟಿದ್ದ. ಸಿಪಾಯಿಗಳು ಮನೆಮಂದಿನೆಲ್ಲ ಎಳ್ಕೊಂಡು ಹೋದ್ರು. ಮಗಳು ಇದಾಳೆ ಕಣೇ ನಮಗೆ!"

ತನ್ನ ಮಾತು ಹೀಗೆ ನಡುವೆ ಬಂದದ್ದು ಮಗಳಿಗೆ ಕೆಂಡ ತುಳಿದಂತಾಯಿತು.

ಮರುದಿನ ಬೆಳಿಗ್ಗೆ, ಸೈನ್ಯಕ್ಕೆ ಹೊರಡುವ ಅಣ್ಣನ ತಲೆ ಬೋಳಿಸಲು ಮಗಳು ಅಂಗಡಿಗೆ ಹೊರಟಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಅವನ ತಲೆ ಮುಟ್ಟಿದ್ರೆ ನಾನು ನಿನ್ನ ತಾಯಿ ಅಲ್ಲ." ಮಗಳು ತಲೆ ತಗ್ಗಿಸಿ ಪಕ್ಕದಿಂದ ನುಸುಳಿ ಹೋದಳು. ಅಣ್ಣನನ್ನು ತಪ್ಪಿಸಿ ಕಳಿಸಲು ಉಳಿದಿರುವ ಕೊನೆಯ ಜಾಗ ಆ ಅಂಗಡಿಯೇ ಎಂದುಕೊಂಡಿದ್ದಳು.

ಅವನು ಕುರ್ಚಿಯಲ್ಲಿ ಕೂತಾಗ ಬಟ್ಟೆ ಹೊದಿಸುವ ನೆಪದಲ್ಲಿ ಬಗ್ಗಿದಳು. "ಹಿಂದಿನ ಬಾಗಿಲು ತೆಗೆದಿಟ್ಟಿದೀನಿ. ಓಡಣ್ಣ."

ಅವನು ಕನ್ನಡಿಯಲ್ಲಿ ತನ್ನನ್ನು ಕರೆದೊಯ್ಯಲು ಬೀದಿಬಾಗಿಲ ಬಳಿ ಕಾಯುತ್ತಿದ್ದ ಸಿಪಾಯಿಯನ್ನೂ, ಮೂಲೆಯಲ್ಲಿ ಮುದುಡಿದ್ದ ಅಪ್ಪನನ್ನೂ ನೋಡಿದ. "ನಾನು ಓಡಿದ್ರೆ ನಿಮ್ಮನ್ನ ಬಿಡ್ತಾರಾ? ಬೇಗ ಮುಗ್ಸು. ಕುತ್ತಿಗೆ ತುರಿಸ್ತಿದೆ."

ಅವಳು ಬೋಳಿಸಿದಳು. ಕೈ ಒಂದಿಷ್ಟೂ ನಡುಗಲಿಲ್ಲ. ಅದಕ್ಕಾಗಿ ಅವಳು ತನ್ನನ್ನು ಯಾವತ್ತೂ ಕ್ಷಮಿಸಲಿಲ್ಲ.

ನಲವತ್ತು ದಿನಕ್ಕೆ ಕಾಗದ ಬಂತು: ಕಾಣೆಯಾದವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಅಮ್ಮ ಅಳಲಿಲ್ಲ. ಬಟ್ಟೆ ಗಂಟು ಕಟ್ಟಿ ತಂಗಿಯ ಮನೆಗೆ ಹೊರಟಳು.

"ಬರ್ತೀಯಾ?"

ಮಗಳು ಹಿಂದಿರುಗಿ ನೋಡಿದಳು. ಅಪ್ಪ ಒಂದೇ ಕೈಯಲ್ಲಿ ಅಂಗಿಯ ಗುಂಡಿ ಹಾಕಲು ಹೆಣಗುತ್ತಿದ್ದ.

"ಆಗಲ್ಲಮ್ಮ."

"ಹಾಗಾದ್ರೆ ಅವರ ಮಗಳಾಗೇ ಇರು."

ಅಂದು ಸಂಜೆ ಅಪ್ಪ ಕೇಳಿದ: "ನಾನು ಮಾಡಿದ್ದು ತಪ್ಪಾ?"

ಹೌದು ಎಂದರೆ ಅವನು ಸಾಯುತ್ತಿದ್ದ. ಅಲ್ಲ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಅನ್ನ ಕಲಸಿ ತುತ್ತು ಅವನ ಬಾಯಿಗೆ ಹಿಡಿದಳು.

"ತಿನ್ನಪ್ಪ" ಎಂದಳು.